ಮೂರು ಮಿಸ್‌ಕಾಲ್

ಶ್ರೀಮತಿಯ ಹೆಣ ಮೂರನೆಯ ದಿನ ಹೊಳೆಯಂಚಿನ ಕಾಂಡ್ಲ ಗಿಡಗಳ ಬೇರಿನಲ್ಲಿ ಸಿಕ್ಕಿತು. ಬಾಯಿ ತುಂಬ ಕೆಸರು, ಬಿಗಿದ ಮುಷ್ಟಿಯೊಳಗೆ ಎರಡು ಬಳಚು ಚಿಪ್ಪಿಮೀನು. ತಮ್ಮ ಮಾದೇವ ಆ ಮುಷ್ಟಿ ಬಿಡಿಸಲು ಹೋಗಿ ಚಿಪ್ಪಿನ ಅಂಚಿಗೆ ಬೆರಳು ಕೊಯ್ದುಕೊಂಡ. ಪೊಲೀಸರು ಬಂದು ‘ಆಕಸ್ಮಿಕ’ ಎಂದು ಬರೆದುಕೊಂಡು ಹೋದರು. ಆಕಸ್ಮಿಕವಂತೆ! ಆ ಪದ ಕೇಳಿದಾಗಲೆಲ್ಲ ಮಾದೇವನಿಗೆ ಯಾರದ್ದಾದರೂ ಹಲ್ಲು ಉದುರಿಸಬೇಕು ಅನ್ನಿಸುತ್ತಿತ್ತು.

ಹಿರೇಗುತ್ತಿಯ ಕೆಳಗೆ, ಅಘನಾಶಿನಿ ಹೊಳೆಯ ಅಂಚಿನಲ್ಲಿ, ಉಪ್ಪುನೀರಿನ ಗಜನಿ ಗದ್ದೆಗಳಿವೆ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಬಂಡು, ಬಂಡಿನಲ್ಲಿ ಹಲಗೆಯ ಬಾಗಿಲು. ಭರತದ ನೀರನ್ನು ಒಳಗೆ ಕೂಡಿಟ್ಟು, ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ಹಲಗೆ ಎತ್ತಿದರೆ ಸಿಗಡಿ ತಾನಾಗಿ ಬಂದು ಬೀಳುತ್ತದೆ. ಅದೇ ಇಳಿತದ ಹೊತ್ತಿಗೇ ಊರಿನ ಹೆಂಗಸರು ಬಾಗಿಲಿನ ಕೆಳಗೆ, ಹೊಳೆಯಲ್ಲಿ ಸೊಂಟಮಟ್ಟ ನಿಂತು ಬಳಚು ಆರಿಸುತ್ತಾರೆ. ಹಿಂದೆ ಬಾಗಿಲು ಕಾಯುವವನು ಬಂಡಿನ ಮೇಲಿಂದ ಕೂ ಹಾಕುತ್ತಿದ್ದ. ಕೆಳಗಿನಿಂದ ಹೆಂಗಸರ ಕೂ ತಿರುಗಿ ಬಂದ ಮೇಲೆಯೇ ಹಲಗೆಗೆ ಕೈ ಹಚ್ಚುತ್ತಿದ್ದ. ಈಗ ಗಜನಿ ಗುತ್ತಿಗೆದಾರ ಕೃಷ್ಣಾನಂದನ ಕೈಯಲ್ಲಿದೆ. ಅವನು ಕೂರುವುದು ಹೊನ್ನಾವರದ ಮೀನುಪೇಟೆಯಲ್ಲಿ. ಅಲ್ಲಿಂದ ಸಿಗಡಿ ಒಯ್ಯುವ ಟೆಂಪೊ ಹೊರಟಿತೆಂದರೆ ಇಲ್ಲಿ ಬಾಗಿಲು ಕಾಯುವ ಮಾಸ್ತಿಗೆ ಫೋನು ಬರುತ್ತದೆ, ಮಾಸ್ತಿ ಹಲಗೆ ಎತ್ತುತ್ತಾನೆ. ನೀರೆತ್ತುವ ಎಂಜಿನ್ನಿನ ಗದ್ದಲದಲ್ಲಿ ಕೂ ಯಾರಿಗೂ ಕೇಳುವುದಿಲ್ಲವೆಂದು ಅವನು ಅದನ್ನೂ ಬಿಟ್ಟಿದ್ದ. ಹಾಗೆ ಹೇಳದೆ ನುಗ್ಗಿದ ನೀರಿಗೆ ಶ್ರೀಮತಿ ಸಿಕ್ಕಿದಳು. ಅವಳನ್ನು ಕೊಂದದ್ದು ಒಂದು ಫೋನು.

ಮಾದೇವ ಎಂಟನೆಯಲ್ಲಿ ಶಾಲೆ ಬಿಟ್ಟು ಬಸ್‌ಸ್ಟಾಪಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅಕ್ಕ ಸತ್ತ ಎರಡು ತಿಂಗಳಿಗೆ ಕುಮಟಾದ ಸಂಸ್ಥೆಯೊಂದರಿಂದ ಸುಪ್ರಿಯಾ ಎಂಬ ಹುಡುಗಿ ಅವನ ಅಂಗಡಿಗೆ ಬಂದಳು. ಬಾಗಿಲು ತೆರೆಯುವ ಮೊದಲು ಎಚ್ಚರಿಕೆ ಕೊಡುವ ಆ್ಯಪ್ ಮಾಡಿದ್ದಳು. ಕೆಂಪು ಪರದೆಯ ಮೇಲೆ ಚೆಂದದ ಅಕ್ಷರ.

“ನಮ್ಮ ಅವ್ವಿಗೆ ಓದೂಕೆ ಬರೂದಿಲ್ಲ. ಮುಳುಗ್ತಾ ಮುಳುಗ್ತಾ ಕಲೀಬೇಕಾ?” ಎಂದು ಮಾದೇವ ಅವಳ ಫೋನನ್ನು ಮೇಜಿನ ಮೇಲೆ ದೂಡಿದ.

ಹುಡುಗಿ ಅಳಲಿಲ್ಲ, ಓಡಿಯೂ ಹೋಗಲಿಲ್ಲ. ಮರುದಿನ ಚೂಡಿದಾರ್ ಮಡಚಿಕಟ್ಟಿ ಹೆಂಗಸರ ಜೊತೆ ನೀರಿಗಿಳಿದಳು. ವಾರ ಕಳೆದು ಇನ್ನೊಂದು ತಂದಳು: ಹಲಗೆ ಎದ್ದರೆ ಸಾಕು, ಬಂಡಿನ ಮೇಲಿನ ಪೆಟ್ಟಿಗೆ ಹದಿನಾಲ್ಕು ಹೆಂಗಸರ ಕೀಪ್ಯಾಡ್ ಫೋನಿಗೂ ಕರೆ ಮಾಡಿ ಮಾತಾಡಿಯೇ ಹೇಳುತ್ತದೆ. ಮಾದೇವನೇ ತಂತಿ ಎಳೆದ. ಪರೀಕ್ಷೆಯ ದಿನ ಹದಿನಾಲ್ಕೂ ಫೋನು ಹೊಡೆದುಕೊಂಡವು. ಒಬ್ಬಳೂ ಎತ್ತಲಿಲ್ಲ.

ಮಾದೇವ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದ. “ಎಂತಕೆ ಎತ್ತಲಿಲ್ಲ ಅವ್ವಿ? ಸತ್ತರೂ ಎತ್ತೂದಿಲ್ವಾ ನೀವು?”

“ಹೋಯ್, ಒದರಬೇಡ,” ಅಂದಳು ತಾಯಿ ಗಂಗಿ. “ಕೈ ತುಂಬಾ ಕೆಸರು. ಫೋನು ಪ್ಲಾಸ್ಟಿಕ್ಕಿನಲ್ಲಿ, ಪ್ಲಾಸ್ಟಿಕ್ಕು ತಲೆಗೆ ಕಟ್ಟಿದ ಟವೆಲಿನಲ್ಲಿ. ಎತ್ತೂಕೆ ನಿನ್ನ ಅಪ್ಪ ಬರ್ತಾನಾ? ನಾವು ಎತ್ತೂದಲ್ಲ ತಮಾ, ಎಣಿಸೂದು.”

ಒಂದು ಸಲ ಹೊಡೆದು ನಿಂತರೆ ಮನೆಗೆ ಯಾರೋ ಬಂದಿದ್ದಾರೆ. ಎರಡು ಸಲ ಹೊಡೆದರೆ ಬಳಚು ಕೊಳ್ಳುವವನ ಟೆಂಪೊ ಬಂತು. ಹೀಗೆಂದು ಗಂಗಿ ಬೆರಳು ಮಡಚಿ ಹೇಳಿದಳು.

“ಮೂರು ಹೊಡೆದರೆ?” ಸುಪ್ರಿಯಾ ಕೇಳಿದಳು.

ಗಂಗಿ ಮೂರನೆಯ ಬೆರಳು ಮಡಚಲಿಲ್ಲ. “ಮೂರು ಸಾವಿಗೆ, ತಂಗಿ. ಮೂರು ಬಂತು ಅಂದ್ರೆ ಕೈಲಿದ್ದದ್ದು ಅಲ್ಲೇ ಬಿಡೂದು, ಮೇಲೆ ಹತ್ತೂದು. ಪಕ್ಕದವಳಿಗೆ ಕೇಳಿರಲಿಲ್ಲ ಅಂದ್ರೆ ಕೂಗಿ ಎಳಕೊಂಡೇ ಬರೂದು.”

ಸುಪ್ರಿಯಾ ಅಲ್ಲೇ ಕೂತು ಪೆಟ್ಟಿಗೆಯ ಮಾತನ್ನೆಲ್ಲ ಅಳಿಸಿಹಾಕಿದಳು. ಇನ್ನು ಅದು ಮಾತಾಡುವುದಿಲ್ಲ, ಮೂರು ಸಲ ಹೊಡೆದು ನಿಲ್ಲುತ್ತದೆ. ಆದರೆ ಪರೀಕ್ಷೆ ಮಾಡಲು ಯಾರೂ ಬಿಡಲಿಲ್ಲ. “ಸುಮ್ಮನೆ ಮೂರು ಕೊಟ್ಟರೆ ಸಾವು ಕರೆದ ಹಾಗೆ. ಯಾರ ಮನೆಗೆ ಕರೀಲಿ ಹೇಳು?” ಅಂದಳು ಗಂಗಿ. ಹಾಗೆಯೇ ಪೆಟ್ಟಿಗೆಯನ್ನು ಬಂಡಿನ ಮೇಲೆ ಕೂರಿಸಿದರು.

ಬಾಗಿಲು ಯಾವ ಹೊತ್ತಿಗೆ ತೆರೆಯಿತು ಎಂಬುದನ್ನೂ ಪೆಟ್ಟಿಗೆ ನೆನಪಿಡುತ್ತದೆ ಎಂಬ ಸುದ್ದಿ ಹೊನ್ನಾವರದವರೆಗೆ ಹೋಗಲು ನಾಲ್ಕು ದಿನ ಸಾಕಾಯಿತು.

ಐದನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಇಳಿತದಲ್ಲಿ, ಬ್ಯಾಟರಿ ನೋಡಲೆಂದು ಮಾದೇವ ಬಂಡಿಗೆ ಬಂದ. ಪೆಟ್ಟಿಗೆ ಚೂರು ಚೂರಾಗಿ ಕೆಸರಿನಲ್ಲಿತ್ತು. ಮಾಸ್ತಿ ಕೈಯಲ್ಲಿ ಹಾರೆ ಹಿಡಿದು ನಿಂತಿದ್ದ. ಕೆಳಗೆ, ಬಾಗಿಲಿನಿಂದ ನೂರು ಮಾರು ಆಚೆ, ಟವೆಲು ಸುತ್ತಿದ ಹದಿನಾಲ್ಕು ತಲೆ.

“ನೀ ಒಡೆದದ್ದಾ?”

“ನನ್ನ ಕೈಲಿ ಎಂತ ಇದೆ ತಮಾ? ಒಡೆಯರು ಹೇಳಿದ್ರು, ಒಡೆದೆ. ಟೆಂಪೊ ಹೊರಟಿದೆ, ಬಾಗಿಲೂ ಎತ್ತಾತು. ದೂರ ನಿಲ್ಲು.”

ಎತ್ತಾತು ಎಂಬ ಮಾತು ಮಾದೇವನ ತಲೆಗೆ ಇಳಿಯುವ ಮೊದಲೇ ಅವನ ಮುಷ್ಟಿ ಮಾಸ್ತಿಯ ದವಡೆಗೆ ಇಳಿದಿತ್ತು. ಹಲ್ಲೊಂದು ಹಾರಿತು. ಮಾಸ್ತಿ ಹಾರೆ ಬೀಸಿದ. ಅಡ್ಡ ಹಿಡಿದ ಮಾದೇವನ ಬಲಗೈ ಬೆರಳುಗಳು ಒಣಕಡ್ಡಿಯ ಹಾಗೆ ಮುರಿದವು. ನೋವು ಗೊತ್ತಾಗಲಿಲ್ಲ. ತಲೆಯಿಂದಲೇ ಗುದ್ದಿ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಎಡಗೈಯಿಂದ ಗಂಟಲು ಹಿಡಿದ. ಮಾಸ್ತಿಯ ಕಣ್ಣು ಹೊರಗೆ ಬಂತು, ಕಾಲು ಮಣ್ಣು ಕೆರೆಯಿತು. ಇನ್ನೊಂದು ಸ್ವಲ್ಪ. ಅಕ್ಕ ಕುಡಿದಷ್ಟು ನೀರು ಇವನೂ ಕುಡಿಯಬೇಕು.

ಆಗ ಬಲೆಗೆ ಅಡ್ಡ ನಿಂತಿದ್ದ ಕಸ ಕಿತ್ತು ಹಲಗೆಯ ಕೆಳಗೆ ನೀರು ಗುಡುಗಿತು. ಬಲೆ ಉಬ್ಬಿ, ಕಂದು ನೀರು ಎದ್ದು ಹೊಳೆಗೆ ಹಾರಿತು.

ಮಾದೇವನ ಬಳಿ ಇದ್ದದ್ದು ಒಂದೇ ಕೈ. ಅದು ಗಂಟಲಿನ ಮೇಲಿತ್ತು. ಜನ್ಮದಲ್ಲಿ ಯಾವುದನ್ನೂ ಆ ಗಂಟಲಿನಷ್ಟು ಬಯಸಿರಲಿಲ್ಲ ಅವನು. ಬಿಟ್ಟ. ಜೇಬಿನಿಂದ ಫೋನು ಕಿತ್ತ. ಅವ್ವಿಯ ನಂಬರು ಒತ್ತಿ, ಹೊಡೆದುಕೊಂಡದ್ದು ಕೇಳಿ ಕತ್ತರಿಸಿದ. ಮಾಸ್ತಿ ಕೆಮ್ಮುತ್ತ ಎದ್ದು ಹಾರೆಯಿಂದ ಬೆನ್ನಿಗೆ ಬಡಿದ. ಎರಡನೆಯದು ಒತ್ತಿದ. ಪಕ್ಕೆಗೆ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ಪರದೆಯ ಮೇಲೆ ರಕ್ತ ಸುರಿದು ಬೆರಳು ಜಾರಿತು; ಅಂಗಿಗೆ ಒರೆಸಿ ಮತ್ತೆ ಒತ್ತಿದ. ಮೂರನೆಯದು ಹೊಡೆದು ನಿಂತಿತು.

ಕೆಳಗೆ ಒಂದು ಟವೆಲು ನೆಟ್ಟಗಾಯಿತು. ಗಂಗಿ ಬುಟ್ಟಿ ಬಿಟ್ಟಳು. ಅವಳ ಕೂಗು ಬಂಡಿಗೆ ಕೇಳಲಿಲ್ಲ, ಆದರೆ ಹದಿನಾಲ್ಕು ತಲೆಗಳು ಒಬ್ಬರನ್ನೊಬ್ಬರು ಎಳೆಯುತ್ತ ದಡಕ್ಕೆ ಹೊರಟವು. ಚಿಪ್ಪಿನ ರಾಶಿಯ ಮೇಲೆ ಬಿದ್ದರು, ಮೊಣಕಾಲು ಸೀಳಿಕೊಂಡು ಎದ್ದರು. ಕೊನೆಯವಳ ಸೀರೆಯ ಸೆರಗನ್ನು ನೀರು ಕಸಿದುಕೊಂಡು ಹೋಯಿತು. ಅವಳನ್ನು ಬಿಟ್ಟಿತು.

ಬಂಡು ಹತ್ತಿ ಬಂದ ಗಂಗಿಯ ಮುಖ ಬಿಳಿಚಿತ್ತು. “ಯಾರು ಸತ್ತದ್ದು? ತಮಾ, ಯಾರು?”

ಮಾದೇವನ ಬಾಯಿ ತುಂಬ ರಕ್ತ. ಕೈ ತೋರಿಸಿದ. ಅವಳು ತಿರುಗಿ ನೋಡಿದಳು. ಈಗಷ್ಟೇ ತಾವು ನಿಂತಿದ್ದ ಜಾಗದಲ್ಲಿ ತಮ್ಮ ಬುಟ್ಟಿಗಳು ಗಿರಗಿರನೆ ಸುತ್ತುತ್ತಿದ್ದವು. ಚೂರಾದ ಪೆಟ್ಟಿಗೆ ನೋಡಿದಳು. ಹಾರೆ ನೋಡಿದಳು. ಮಾಸ್ತಿ ಅದನ್ನು ಕೆಳಗೆ ಹಾಕಿದ. ಗಂಗಿ ಎತ್ತಿಕೊಂಡಳು.

“ಅಕ್ಕಾ, ಫೋನು ಬಂತು, ಹಾಂಗಾಗಿ...” ಎನ್ನುವಷ್ಟರಲ್ಲಿ ಏಟು ಅವನ ಹೆಗಲಿಗೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು.

“ಇದು ಶ್ರೀಮತಿದು,” ಅಂದಳು ಗಂಗಿ. ಎರಡನೆಯ ಏಟು ಹೊಡೆಯಲಿಲ್ಲ. ಹಾರೆಯನ್ನು ಹಲಗೆಗೆ ಹೂಡಿದಳು. ಹದಿನಾಲ್ಕು ಮಂದಿ ಸೇರಿ ಬಾಗಿಲನ್ನು ಕಂಬದ ಸಮೇತ ಕಿತ್ತರು, ಬಲೆಯನ್ನು ಕತ್ತಿಯಿಂದ ಸೀಳಿದರು, ಎಂಜಿನ್ನನ್ನು ಉರುಳಿಸಿ ನೀರಿಗೆ ನೂಕಿದರು. ಕೃಷ್ಣಾನಂದನ ಸಿಗಡಿಯೆಲ್ಲ ಹೊಳೆಗೆ ಹೋಯಿತು. ಅವನು ಆವತ್ತೇ ಫೋನಿನಲ್ಲಿ ಮಾಸ್ತಿಯನ್ನು ಕೆಲಸದಿಂದ ತೆಗೆದ.

ತಿಂಗಳಾದ ಮೇಲೆ ಹೊಸ ಬಾಗಿಲು ಬಂತು, ಮತ್ತೆ ಕಾವಲು ಬಂತು. ಸುಪ್ರಿಯಾ ಹೊಸ ಪೆಟ್ಟಿಗೆ ತಂದಳು. ಪ್ಲಾಸ್ಟರಿನ ಕೈಯಿಟ್ಟುಕೊಂಡು ಮಾದೇವ ಅಂಗಡಿಯಲ್ಲಿ ಕೂತು ಅದಕ್ಕೆ ನಂಬರು ತುಂಬುತ್ತಿದ್ದ.

“ಹದಿನೈದು ಹಾಕು,” ಅಂದಳು ಗಂಗಿ. “ಗಾಯತ್ರಿ ನಾಳೆಯಿಂದ ನೀರಿಗೆ ಬರ್ತಾಳೆ.”

“ಯಾವ ಗಾಯತ್ರಿ?”

“ಮಾಸ್ತಿ ಹೆಂಡ್ತಿ. ಅವನಿಗೆ ಕೈ ಏಳೂದಿಲ್ಲ. ಮನೆಯಲ್ಲಿ ಒಲೆ ಹತ್ತಬೇಕಲ್ಲ?”

ಮಾದೇವ ಕುರ್ಚಿ ಒದ್ದು ಎದ್ದ. “ಆ ಬೋಳಿಮಗನ ಹೆಂಡ್ತಿಗೆ ನಾ ಹಾಕಬೇಕಾ? ಮುಳುಗಲಿ! ಅವಳೂ ಮುಳುಗಲಿ, ಗೊತ್ತಾಗ್ತದೆ ಅವನಿಗೆ!”

ಸುಪ್ರಿಯಾ ತಲೆ ತಗ್ಗಿಸಿದಳು. ಗಂಗಿ ಮಗನ ಮುಖವನ್ನೇ ನೋಡುತ್ತ ನಿಂತಳು. ಅಂಗಡಿಯ ಬಾಗಿಲಲ್ಲಿ ಗಾಯತ್ರಿ ಆಗಲೇ ಬಂದು ನಿಂತಿದ್ದಳು. ಆಡಿದ್ದೆಲ್ಲ ಅವಳಿಗೆ ಕೇಳಿತ್ತು.

ಮಾದೇವ ಹಲ್ಲು ಕಚ್ಚಿದ. ಬಿದ್ದ ಕುರ್ಚಿಯನ್ನು ಎಡಗೈಯಿಂದ ಎತ್ತಿ ನಿಲ್ಲಿಸಿ ಕೂತ. ಅವಳ ಮುಖ ನೋಡದೆ ಗದರಿದ:

“ಹೇಳು ನಂಬರು. ನಿಧಾನ ಹೇಳು, ಒಂದೇ ಕೈ ಇರೂದು.”