ಸಾಹೇಬರ ನೆಲಹಾಸು

ಸಾಹೇಬರು ಊಟ ಬಿಟ್ಟು ನಾಲ್ಕು ದಿನವಾಗಿತ್ತು. ಸಾಹೇಬರೆಂದರೆ ಅಂಗೈಯಗಲದ ಒಂದು ಆಮೆ. ಐದು ವರ್ಷದಿಂದ ಅದನ್ನು ಸಾಕಿದವಳು ಅತ್ತಿಗೆ. ನರ್ಸಾಗಿದ್ದ ಆಕೆ ಮೂರು ತಿಂಗಳ ತರಬೇತಿಗೆ ಹೋಗುವಾಗ ಗಾಜಿನ ತೊಟ್ಟಿಯನ್ನು ನಾದಿನಿಯ ಹೊಲಿಗೆ ಕೋಣೆಯಲ್ಲಿಟ್ಟು, ಗೋಡೆಗೆ ಚೀಟಿ ಅಂಟಿಸಿದ್ದಳು. ಊಟ ಎಷ್ಟು, ನೀರು ಯಾವಾಗ, ದೀಪ ಎಷ್ಟು ಹೊತ್ತು ಎಲ್ಲ ಅದರಲ್ಲಿತ್ತು. ತಳದ ಬಗ್ಗೆ ಒಂದಕ್ಷರವಿರಲಿಲ್ಲ. ತಳ ಬರೀ ಗಾಜು.

ಯಾಕೆ ಎಂದು ನಾದಿನಿ ಕೇಳಬಹುದಿತ್ತು. ಅತ್ತಿಗೆ ಮಾತಿಗೆ ಬಡವಿ. ಫೋನಿನಲ್ಲೂ "ಹ್ಞೂಂ, ಸರಿ, ಇಡ್ತೀನಿ" ಎನ್ನುವವಳು. ಎಂಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳನ್ನು ಏನಾದರೂ ಕೇಳಲು ನಾದಿನಿಗೆ ನಾಲಗೆ ಏಳುತ್ತಿರಲಿಲ್ಲ.

ಮೊದಲ ವಾರವೇ ನಾದಿನಿಯ ಕಣ್ಣಿಗೆ ಒಂದು ವಿಷಯ ಬಿದ್ದಿತ್ತು. ಸಾಹೇಬರು ನಡೆಯಹೊರಟರೆ ಹಿಂಗಾಲಿನ ಉಗುರು ಗಾಜಿನ ಮೇಲೆ ಜಾರುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಎರಡು ಸಾಗುತ್ತಿದ್ದರು. ಒಳಗೆ ಅಸ್ತರು ಕೊಡದೆ ಒಂದು ಕೋಟನ್ನೂ ಹೊರಗೆ ಕಳಿಸಿದವಳಲ್ಲ ಅವಳು. ಆ ಬೋಳು ತಳ ನೋಡಲಾರದೆ ಮೀನಿನ ಅಂಗಡಿಯಿಂದ ಒಂದು ಚೀಲ ಬಣ್ಣದ ಹರಳು ತಂದಳು. ಅಂಗಿ ಗುಂಡಿಯಷ್ಟು ಚಿಕ್ಕವು. ನೀರು ತಿಳಿಯಾಗುವವರೆಗೆ ಏಳು ಸಲ ತೊಳೆದು ಹಾಸಿದಳು. ವಾರಕ್ಕೊಮ್ಮೆ ಹರಳು ಕೆದಕಿ, ಸಂದಿಯಲ್ಲಿ ಕೂತ ಗಲೀಜನ್ನು ಪೈಪಿನಲ್ಲಿ ಬಕೆಟ್ಟಿಗೆ ಎಳೆಯುತ್ತಿದ್ದಳು. ಸಾಹೇಬರು ಜಾರದೆ ನಡೆದರು. ಅದನ್ನು ನೋಡುತ್ತ ಅವಳು ಎಷ್ಟೋ ಸಲ ಮಿಷನ್ ನಿಲ್ಲಿಸಿ ಕೂತಿದ್ದುಂಟು.

ಈಗ ಅವರು ಮೂಲೆ ಹಿಡಿದು ಕಣ್ಣು ಮುಚ್ಚಿದ್ದರು. ಬಸ್ಸು ಓಡಿಸುವ ಅಣ್ಣ ರಜೆಯಲ್ಲಿ ಮನೆಗೆ ಬಂದವನು, ಅವಳನ್ನೂ ಆಮೆಯನ್ನೂ ಪ್ರಾಣಿ ವೈದ್ಯರ ಬಳಿ ಕರೆದುಕೊಂಡು ಹೋದ.

ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಏನಮ್ಮಾ, ಇವರು ಹೊಟ್ಟೇಲಿ ಗುಂಡಿ ಅಂಗಡಿ ಇಟ್ಟಿದ್ದಾರಲ್ಲ! ಹನ್ನೊಂದು ಕಲ್ಲು."

"ಕಲ್ಲು ಯಾಕೆ ತಿಂತು ಸಾರ್? ಹೊತ್ತಿಗೆ ಸರಿಯಾಗಿ ಹಾಕ್ತಿದ್ದೆ."

"ಬಾಯಿಗೆ ಹಿಡಿಯೋದೆಲ್ಲ ಅದಕ್ಕೆ ಊಟಾನೇ. ತಳಕ್ಕೆ ಹಾಕಲೇಬೇಕು ಅಂದ್ರೆ ತಲೆಗಿಂತ ದೊಡ್ಡ ಕಲ್ಲು ಹಾಕಿ. ಈಗ ಉಗುರುಬೆಚ್ಚಗಿನ ನೀರಲ್ಲಿ ಬಿಡಿ. ತಾನಾಗಿ ಬಂದ್ರೆ ಪುಣ್ಯ. ಇಲ್ಲಾಂದ್ರೆ ಕೊಯ್ಯಬೇಕಾಗುತ್ತೆ, ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ."

ಅತ್ತಿಗೆ ಬರುವುದು ಶನಿವಾರ. ಅಂದು ಸೋಮವಾರ.

"ಹೇಳೋಕೆ ಹೋಗ್ಬೇಡ," ಎಂದ ಅಣ್ಣ ದಾರಿಯಲ್ಲಿ. "ಹರಳು ಬಿಸಾಕಿ ಗಾಜು ಉಜ್ಜಿಡು. ಅವಳಿಗೆ ಗೊತ್ತಾದ್ರೆ ಜಗಳಾನೂ ಆಡಲ್ಲ, ಸುಮ್ನೆ ಇರ್ತಾಳೆ. ಆ ಸುಮ್ನೆ ಇರೋದನ್ನ ತಡ್ಕೊಳ್ಳೋನು ನಾನು ತಾನೇ?"

ಅವಳು ಹರಳು ಬಳಿದು ತೆಗೆದಳು. ಸೋಪು ಸೋಕಿಸದೆ, ಗಾಜನ್ನು ಬಟ್ಟೆಯಿಂದ ತಿಕ್ಕಿದಳು. ಸಾಹೇಬರನ್ನು ಒಂದು ಟಬ್ಬಿನ ಬೆಚ್ಚನೆ ನೀರಿಗೆ ಬಿಟ್ಟು, ಅದು ತಣಿದಾಗಲೆಲ್ಲ ಬದಲಿಸಿದಳು. ಬುಧವಾರ ಎರಡು ಹರಳು ಬಿದ್ದವು, ಗುರುವಾರ ನಾಲ್ಕು, ಶುಕ್ರವಾರ ಮೂರು. ಒಂಬತ್ತನ್ನೂ ತೊಳೆದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ನೋಡಿದರೆ ಎಲ್ಲವೂ ಕೆಂಪು. ಚೀಲದಲ್ಲಿದ್ದದ್ದು ಐದು ಬಣ್ಣ. ಆಮೆಗೆ ಬಣ್ಣ ತಿಳಿಯುತ್ತದೆಯೇ? ಅದು ನೋಡುವ ಕೆಂಪು, ತಾನು ನೋಡುವ ಕೆಂಪು ಒಂದೇ ಏನು? ಕೇಳಿದರೆ ಹೇಳುವವರಾದರೂ ಯಾರು?

ಶನಿವಾರ ಮಧ್ಯಾಹ್ನ ಅತ್ತಿಗೆ ಬಂದಳು. ಚೀಲವನ್ನು ಕೆಳಗಿಡುವ ಮೊದಲೇ ತೊಟ್ಟಿಯನ್ನೂ ಪಕ್ಕದ ಟಬ್ಬಿನಲ್ಲಿದ್ದ ಸಾಹೇಬರನ್ನೂ ನೋಡಿದಳು. "ಗಾಜು ಹೊಳೀತಿದೆ. ಚೆನ್ನಾಗಿ ನೋಡ್ಕೊಂಡಿದ್ದೀಯ."

ಬಾಗಿಲಲ್ಲಿದ್ದ ಅಣ್ಣ ಕಣ್ಸನ್ನೆ ಮಾಡಿದ.

"ಇಲ್ಲ ಅತ್ತಿಗೆ," ಎಂದಳು ನಾದಿನಿ. "ಕಲ್ಲು ಹಾಸಿದ್ದೆ. ಸಾಹೇಬ್ರು ತಿಂದ್ಬಿಟ್ರು. ಒಂಬತ್ತು ಬಂದಿದೆ. ಎರಡು ಇನ್ನೂ ಒಳಗಿದೆ."

ಅತ್ತಿಗೆ ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ನೀರಿಗೆ ಬೆರಳಿಟ್ಟು ಬಿಸಿ ನೋಡಿದಳು. ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಅಣ್ಣ ಸದ್ದಿಲ್ಲದೆ ಅಡುಗೆಮನೆಗೆ ಜಾರಿಕೊಂಡ.

"ಯಾಕೆ ಹಾಸಿದೆ?"

"ಕಾಲು ಜಾರ್ತಿತ್ತು. ನೋಡಿ ಬೇಕಾದ್ರೆ."

ಅತ್ತಿಗೆ ಆಮೆಯನ್ನೆತ್ತಿ ಗಾಜಿನ ಮೇಲೆ ಬಿಟ್ಟಳು. ಹಿಂಗಾಲು ಎರಡು ಸಲ ಜಾರಿತು, ಮೂರನೆಯ ಸಲವೂ ಜಾರಿತು.

"ಐದು ವರ್ಷ," ಎಂದಳು. "ನಾನು ಡ್ಯೂಟಿ ಮುಗಿಸಿ ಬಂದಾಗೆಲ್ಲ ಮಲಗಿರ್ತಿದ್ರು. ನಡೆಯೋದು ನೋಡೇ ಇಲ್ಲ. ತೊಳೆಯೋಕೆ ಸುಲಭ ಅಂತ ಬರೀ ಗಾಜು ಬಿಟ್ಟಿದ್ದೆ."

ಭಾನುವಾರ ಇಬ್ಬರೂ ಕಲ್ಲಿನ ಅಂಗಡಿಗೆ ಹೋದರು. ನಾದಿನಿ ಟೇಪು ಹಿಡಿದು ಉರುಟು ಕಲ್ಲುಗಳನ್ನು ಒಂದೊಂದಾಗಿ ಅಳೆದಳು. ಅಂಗಡಿಯವನು, "ಇವಕ್ಕೇನು ಅಂಗಿ ಹೊಲಿತೀರಾ?" ಎಂದು ನಕ್ಕ.

"ಇದು ಸಾಕಾ?" ಎಂದಳು ಅತ್ತಿಗೆ.

"ಸಾಲಲ್ಲ. ಬೆಳೆಯೋ ಮೈ, ಎರಡು ಬೆರಳು ಜಾಸ್ತಿ ಇರ್ಲಿ."

ಹತ್ತನೆಯ ಹರಳು ಆ ಸಂಜೆ ಬಿತ್ತು. ಹನ್ನೊಂದನೆಯದು ಮಂಗಳವಾರ. ಕುದಿಸಿ ಆರಿಸಿದ ಕಲ್ಲುಗಳನ್ನು ತಳಕ್ಕೆ ಜೋಡಿಸಿ ಸಾಹೇಬರನ್ನು ಬಿಟ್ಟರು. ಅವರು ಒಂದು ಕಲ್ಲಿಗೆ ಉಗುರು ಕೊಟ್ಟು, ಅದನ್ನು ದಾಟಿ, ಇನ್ನೊಂದರ ಮೇಲೆ ಕತ್ತು ಚಾಚಿ ನಿಂತರು. ನಾದಿನಿ ಒಂದು ಕಾಳು ತಿನಿಸು ಹಾಕಿದಳು. ಅದು ತೇಲಿತು, ತಿರುಗಿತು. ಇಬ್ಬರೂ ತೊಟ್ಟಿಯತ್ತ ಬಾಗಿದರು.

ಕತ್ತು ಮುಂದೆ ಬಂತು. ಕಾಳು ಮಾಯವಾಯಿತು.

"ಇನ್ನೊಂದು ಹಾಕು," ಎಂದಳು ಅತ್ತಿಗೆ.