ಕಾಲು ಜಾರಲಿಲ್ಲ

ಅಣ್ಣ ಜಯಪ್ರಕಾಶ ಸುಳ್ಯದಿಂದ ದರ್ಬೆಯ ತಂಗಿಮನೆಯವರೆಗೆ ಸುಮ್ಮನೆ ಬರುವವನಲ್ಲ. ಕಾರಿನಿಂದ ಇಳಿದವನ ಕೈಯಲ್ಲಿ, ವಸುಮತಿ ಅಚ್ಚಿಗೆ ಕೊಟ್ಟಿದ್ದ ಆತ್ಮಕಥೆಯ ಕರಡು ಕಂಡಾಗಲೇ, ಪ್ರೆಸ್ಸಿನವರು ಯಾರ ಕಡೆ ಎಂಬುದು ಅವಳಿಗೆ ತಿಳಿಯಿತು. ಅವನ ಹಿಂದೆ ಮಗಳು ಯಶಸ್ವಿ, ತನ್ನ ಮದುವೆಯ ಆಮಂತ್ರಣದ ಕಾಗದ ಹಿಡಿದುಕೊಂಡು.

"ಒಳ್ಳೆ ಬರೆದಿದ್ದಿ ವಸೂ. ಅಪ್ಪನ ಮೀಸೆಯನ್ನು ಸಹ ಬಿಡ್ಲಿಲ್ಲ ನೀನು," ಎಂದು ಅಣ್ಣ ಕುರ್ಚಿ ಎಳೆದುಕೊಂಡ. "ಒಂದು ಸಾಲು ಮಾತ್ರ ಹೆಚ್ಚಾಯ್ತು. ಯಶೂ, ಒಳಗೆ ಹೋಗಿ ಚಾ ಇಡು ಮಗಾ."

ಯಾವ ಸಾಲು ಎಂದು ಕೇಳಬೇಕಿರಲಿಲ್ಲ. ಯಶಸ್ವಿ ತೊಟ್ಟಿಲಲ್ಲಿದ್ದಾಗ ಅವಳ ತಾಯಿ ಹೇಮಾವತಿ ತೋಟದ ಕೆರೆಯಲ್ಲಿ ತೀರಿಕೊಂಡಿದ್ದಳು. ಅಣ್ಣ ಅವಳನ್ನು ದೂಡಿದ್ದನ್ನು ವಸುಮತಿ ಕಂಡಿದ್ದಳು. ಕಾಲು ಜಾರಿತು ಎಂದು ಮನೆಯವರೆಲ್ಲ ಹೇಳುವಾಗ, ಅಂಗಳದಲ್ಲಿ ಸೇರಿದ ಹಿರಿಯರ ಎದುರು ನಿಂತು, "ಅತ್ತಿಗೆಯ ಕಾಲು ಜಾರಲಿಲ್ಲ" ಎಂದಿದ್ದಳು. ಅಷ್ಟು ಹೇಳುವುದರಲ್ಲೇ ಅವಳ ಧೈರ್ಯವೆಲ್ಲ ಮುಗಿದಿತ್ತು. ಆದರೆ ಹೆಣ್ಣಿನ ಕಾಲು ಜಾರುವುದೆಂದರೆ ಊರಿಗೆ ಒಂದೇ ಅರ್ಥ.

"ನಮಗೂ ಗೊತ್ತುಂಟು ಮಗಾ," ಎಂದು ಹಿರಿಯರು ತಲೆಯಾಡಿಸಿದ್ದರು. "ಮರ್ಯಾದೆಯ ಹೆಂಗಸು. ಅವಳ ನಡತೆಗೆ ಯಾರೂ ಮಾತಾಡುವ ಹಾಗಿಲ್ಲ."

ಮತ್ತೆ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋಗಿದ್ದಳು. ಈ ಸಲ ಕರಡಿನಲ್ಲಿ ಬೇರೆ ಅರ್ಥಕ್ಕೆ ಎಡೆಯೇ ಇಲ್ಲದ ಹಾಗೆ ಬರೆದಿದ್ದಳು ವಸುಮತಿ: ಅತ್ತಿಗೆಯ ಕಾಲು ಜಾರಲಿಲ್ಲ. ಅಣ್ಣ ದೂಡಿದ, ನಾನು ಕಂಡೆ.

ಜಯಪ್ರಕಾಶ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಕರಡಿನ ಮೇಲಿಟ್ಟ. "ಜಾರಲಿಲ್ಲ ಅಂತ ಇರ್ಲಿ. ಮತ್ತಿನದ್ದು ಬೇಡ."

"ಅದೂ ಇರ್ತದೆ ಅಣ್ಣ."

"ಇರ್ಲಿ ಹಾಗಾದ್ರೆ. ಅವಳೂ ಓದ್ತಾಳೆ." ಅಡುಗೆಮನೆಯ ಕಡೆ ನೋಡಿದ. "ಓದಿ, ಮದುವೆವರೆಗೆ ಆ ಮನೆಯಲ್ಲೇ ಇರ್ಬೇಕಲ್ಲ, ನನ್ನೊಟ್ಟಿಗೆ. ಕೆರೆ ಈಗಲೂ ಹಾಗೇ ಉಂಟು."

ಅಡಿಕೆಯ ರೇಟು ಹೇಳಿದ ಹಾಗೆ ಹೇಳಿದ. ವಸುಮತಿ ಪೆನ್ನು ಎತ್ತಿಕೊಂಡಳು.

"ಆ ಸಾಲಿಗೆ ಗೆರೆ ಎಳೀತೇನೆ. ಯಶೂ ಇಲ್ಲಿ ನಿಲ್ಲಲಿ. ಮದುವೆಗೂ ಇಲ್ಲಿಂದಲೇ ಹೊರಡಲಿ."

"ಅವಳು ಒಪ್ಪಿದ್ರೆ ನನಗೆಂತ?"

ವಸುಮತಿ ಗೆರೆ ಎಳೆದಳು. ಚಾ ತಂದ ಯಶಸ್ವಿ ಇಲ್ಲಿ ನಿಲ್ಲುವ ವಿಷಯ ಕೇಳಿ ನಕ್ಕುಬಿಟ್ಟಳು.

"ಇಲ್ಲಿ ಎಂತಕ್ಕೆ ಅತ್ತೆ? ನನ್ನ ಸೀರೆ, ಬ್ಲೌಸು ಎಲ್ಲ ಅಲ್ಲುಂಟು. ಅಪ್ಪ ಒಬ್ರೇ ಆಗ್ತಾರೆ. ನೀವೇ ಬನ್ನಿ, ಬರೆಯುದು ಅಲ್ಲಿಯೂ ಆಗ್ತದಲ್ಲ."

ಅಣ್ಣ ಚಾ ಪೂರ್ತಿ ಕುಡಿದ. ಕರಡನ್ನು ಕಂಕುಳಲ್ಲಿಟ್ಟು ಎದ್ದ.

ಹುಡುಗಿಯನ್ನು ನಿಲ್ಲಿಸಲು ವಸುಮತಿಯಲ್ಲಿದ್ದದ್ದು ಒಂದೇ ಮಾತು. ಅದಕ್ಕೆ ಈಗತಾನೇ ಗೆರೆ ಎಳೆದಾಗಿತ್ತು. ಯಶಸ್ವಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ವಸುಮತಿ ಬರಿಗಾಲಲ್ಲೇ ಅಂಗಳ ದಾಟಿ, ಗೇಟು ಮುಚ್ಚಿ, ಅದಕ್ಕೆ ಬೆನ್ನುಕೊಟ್ಟು ನಿಂತಳು.

"ಯಶೂ, ಇಳಿ. ನಿನ್ನ ಅಮ್ಮನ ವಿಷಯ ಹೇಳುದುಂಟು."

ಹುಡುಗಿ ಅಪ್ಪನ ಮುಖ ನೋಡಿದಳು. ಅವನು ಎಂಜಿನ್ ನಿಲ್ಲಿಸಲಿಲ್ಲ. ಕಾರು ಮೆಲ್ಲಗೆ ಗೇಟಿನ ಕಡೆ ಬಂತು.