ಒರಿಸ್ಸಾಕ್ಕೆ ಹೊರಟ ಇಡ್ಲಿ ಹಿಟ್ಟು

ಕಲ್ಕತ್ತೆಗೆ ಇಡ್ಲಿ ತಿನ್ನಲು ಕಲಿಸಿದವನೇ ನಾನು. ಗರಿಯಾಹಾಟ್ ಚೌಕದ ನನ್ನ ಹೋಟೆಲಿನ ಇಡ್ಲಿ ಎಷ್ಟು ಹಗುರವೆಂದರೆ, ಫ್ಯಾನು ಹಾಕಿದಾಗ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಬೇಕು. ಇಲ್ಲವಾದರೆ ಅದು ಹಾರಿ ಹೋಗಿ ಟ್ರಾಮ್ ಹತ್ತಿಬಿಡುತ್ತದೆ. ಇಂಥ ಶೀನ ಭಟ್ಟನಿಗೆ ಎಪ್ಪತ್ತೊಂದರ ಬೇಸಿಗೆಯಲ್ಲಿ ನಿದ್ದೆ ಇಲ್ಲದ ಹಾಗೆ ಮಾಡಿದ್ದು ಒಂದೇ ಚಿಂತೆ: ತಂಗಿಯ ಮಗ ಮುರಾರಿಯನ್ನು ಹೌರಾ ಸ್ಟೇಷನ್ ದಾಟಿಸಿ ಒರಿಸ್ಸಾಕ್ಕೆ ಮುಟ್ಟಿಸುವುದು ಹೇಗೆ?

ಆ ವರ್ಷ ಊರಿನ ಗೋಡೆಗಳ ತುಂಬ ನಕ್ಸಲರ ಕೆಂಪು ಬರಹ. ಸಂಜೆಯಾದರೆ ಎಲ್ಲೋ ಒಂದು ಕಡೆ ಢಂ ಎಂದು ಸದ್ದು. ಮೀಸೆ ಮೂಡಿದ ಹುಡುಗರೆಲ್ಲರ ಮೇಲೂ ಪೊಲೀಸರಿಗೆ ಗುಮಾನಿ. ಕಸ್ಬಾದ ಓಣಿಯಲ್ಲಿ ಮುರಾರಿಯ ಜೊತೆ ಫುಟ್‌ಬಾಲ್ ಆಡುತ್ತಿದ್ದ ಇಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದವರು ಇನ್ನೂ ಬಿಟ್ಟಿರಲಿಲ್ಲ. ಇವನು ಮಾಡಿದ ಅಪರಾಧವೆಂದರೆ ಅವರಿಗೆ ಚೆಂಡು ಪಾಸು ಮಾಡಿದ್ದು.

ಬೆಳಿಗ್ಗೆ ನಾನು ಅರೆಯುವ ಕಲ್ಲಿನ ಮುಂದೆ ಕೂತಿದ್ದಾಗ ತಂಗಿ ಅಂಬುಜಾ ಓಡಿ ಬಂದಳು. ಗಂಡ ತೀರಿಹೋದ ಮೇಲೆ ಅವಳಿಗೆ ಇರುವುದು ಈ ಒಬ್ಬ ಮಗ.

"ಅಣ್ಣ, ನಿನ್ನೆ ಇವನ ಹೆಸರು ಕೇಳಿಕೊಂಡು ಬಂದಿದ್ರು. ಇವನು ಮನೆಯಲ್ಲಿ ಇರಲಿಲ್ಲ, ಪುಣ್ಯ. ಇವತ್ತು ಪುನಃ ಬರ್ತಾರೆ."

"ಬರ್ಲಿ. ಪುರಿಯಲ್ಲಿ ನಮ್ಮ ತ್ರಿವಿಕ್ರಮ ಇದ್ದಾನಲ್ಲ. ಸಮುದ್ರದ ಹತ್ರ ಹೋಟೆಲು. ಅವನಿಗೆ ದೋಸೆ ಹೊಯ್ಯಲಿಕ್ಕೆ ಕಲಿಸಿದ್ದು ನಾನೇ. ಇವತ್ತು ಸಂಜೆಯ ರೈಲಿಗೆ ಹೊರಡುವಾ."

"ಹೌರಾದಲ್ಲಿ ತಪಾಸಣೆ ಉಂಟು ಮಾರಾಯ!"

"ಉಂಟು. ಅವರು ಹುಡುಕುವುದು ಕಾಲೇಜು ಹುಡುಗನನ್ನು. ನಾನು ಕರ್ಕೊಂಡು ಹೋಗುವುದು ಅಡಿಗೆ ಮಾಣಿಯನ್ನು. ಪುರಿಯಲ್ಲಿ ಮದುವೆ ಅಡಿಗೆ, ಹಿಟ್ಟು ಇಲ್ಲಿಂದಲೇ ತಕೊಂಡು ಹೋಗ್ತಿದ್ದೇವೆ. ಹೇಗೆ?"

ಇಂಥ ಉಪಾಯ ಕಳಿಂಗವನ್ನು ಗೆದ್ದ ಚಕ್ರವರ್ತಿಗೂ ಹೊಳೆದಿರಲಿಲ್ಲ. ಅಂಬುಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ತೆಂಗಿನ ಗೆರಟೆಯಲ್ಲಿ ಅಳೆದಿಟ್ಟ ಉಪ್ಪನ್ನು ಕೈಗೆತ್ತಿಕೊಂಡಿದ್ದ ನಾನು ಅದನ್ನು ಎಲ್ಲೋ ಇಟ್ಟು, ಅವಳನ್ನು ಸಮಾಧಾನ ಮಾಡಿದೆ. ಆಮೇಲೆ ಹಿಟ್ಟನ್ನು ದೊಡ್ಡ ಹಾಲಿನ ಕ್ಯಾನಿಗೆ ಸುರಿದು, ಜನಜಂಗುಳಿಯಲ್ಲಿ ಚೆಲ್ಲಬಾರದೆಂದು ಮುಚ್ಚಳವನ್ನು ತೆಂಗಿನ ಹಗ್ಗದಿಂದ ಬಿಗಿದೆ. ನಾನು ಬಿಗಿದ ಗಂಟನ್ನು ಬಿಚ್ಚಲು ಆನೆ ಬರಬೇಕು.

ಸಂಜೆ ಮುರಾರಿ ಗಡ್ಡ ತೆಗೆದು, ಪಂಚೆ ಮೇಲಕ್ಕೆ ಕಟ್ಟಿ, ಹೆಗಲ ಮೇಲೆ ಬೈರಾಸು ಹಾಕಿ ನಿಂತ. ನೋಡಲು ಅಡಿಗೆಯವನೇ. ಬಾಯಿ ಬಿಟ್ಟರೆ ಮಾತ್ರ ಕೆಟ್ಟಿತು. ಕನ್ನಡವೆಲ್ಲ ಅವನಿಗೆ ತಿಳಿಯುತ್ತಿತ್ತು. ಆದರೆ ತಾಯಿ ಕನ್ನಡದಲ್ಲಿ ಕೇಳಿದರೂ ಅವನು ಉತ್ತರಿಸುತ್ತಿದ್ದದ್ದು ಬಂಗಾಳಿಯಲ್ಲಿ, ಅದೂ ಕಾಲೇಜಿನ ಬಂಗಾಳಿಯಲ್ಲಿ.

"ನೋಡು, ಪುರಿ ಮುಟ್ಟುವವರೆಗೆ ನೀನು ಮೂಗ," ಎಂದೆ. ಅವನು ಬಂಗಾಳಿಯಲ್ಲಿ "ಆಚ್ಛಾ" ಎಂದ.

ಹೌರಾದಲ್ಲಿ ಅಂದು ಪ್ರಯಾಣಿಕರಿಗಿಂತ ಪೊಲೀಸರೇ ಹೆಚ್ಚು. ಹೇಗೋ ಡಬ್ಬಿ ಹತ್ತಿ, ಕ್ಯಾನನ್ನು ಸೀಟಿನ ಕೆಳಗೆ ತಳ್ಳಿ ಕೂತೆವು. ಒಳಗೆ ಕಬ್ಬಿಣ ಕರಗುವ ಸೆಕೆ. ರೈಲು ಹೊರಡಲೊಲ್ಲದು. ಆಗ ಕಾಲ ಬುಡದಲ್ಲಿ ಕೇಳಿಸಿತು: ಬುಸ್. ಸ್ವಲ್ಪ ಬಿಟ್ಟು ಮತ್ತೆ: ಬುಸ್ಸ್.

ಎದುರಿಗಿದ್ದ ದಪ್ಪನೆಯ ಹೆಂಗಸು ಕಾಲು ಮೇಲೆತ್ತಿಕೊಂಡಳು. "ದಾದಾ, ಅದರೊಳಗೆ ಏನು?"

"ಹಿಟ್ಟು."

"ಹಿಟ್ಟು ಉಸಿರಾಡುತ್ತದೆಯೇ?"

ಕ್ಯಾನು ಗಡಗಡನೆ ಅಲುಗಿತು. "ಬೋಮಾ! ಬಾಂಬು!" ಎಂದು ಯಾರೋ ಕೂಗಿದ್ದೇ ತಡ, ಅರ್ಧ ಡಬ್ಬಿ ಪ್ಲಾಟ್‌ಫಾರ್ಮಿನಲ್ಲಿತ್ತು. ಹೌರಾ ಸೇತುವೆಯೇ ಆಚೆಗೆ ಸರಿದು ನಿಂತಿತೆಂದು ನನ್ನ ನಂಬಿಕೆ. ಲಾಠಿ ಹಿಡಿದ ಇಬ್ಬರು ಪೇದೆಗಳೂ ಅವರ ಇನ್ಸ್‌ಪೆಕ್ಟರ್ ದಾರೋಗಾನೂ ಒಳಗೆ ನುಗ್ಗಿದರು. ದಾರೋಗಾನಿಗೆ ದಪ್ಪ ಮೀಸೆ, ಕೆಂಪು ಕಣ್ಣು. ಅವನು ಕ್ಯಾನನ್ನು ನೋಡಲಿಲ್ಲ. ನೇರ ಮುರಾರಿಯ ಮುಖ ನೋಡಿದ.

"ಏಯ್, ಹೆಸರೇನು? ಯಾವ ಪಾಡಾ, ಯಾವ ಕೇರಿ?" ಬಂಗಾಳಿಯಲ್ಲೇ ಕೇಳಿದ.

"ಸಾಹೇಬ್, ಅವನಿಗೆ ಭಾಷೆ ಬರುವುದಿಲ್ಲ, ನಮ್ಮೂರಿನ..." ಎಂದೆ.

"ನಿನ್ನನ್ನು ಕೇಳಲಿಲ್ಲ." ಲಾಠಿಯ ತುದಿಯಿಂದ ಮುರಾರಿಯ ಗದ್ದ ಎತ್ತಿದ. "ಹೇಳು."

ಮುರಾರಿಯ ತುಟಿ ಬಿಚ್ಚಿತು. ಬಂಗಾಳಿ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಅಂಬುಜಾಗೆ ಏನೆಂದು ಹೇಳಲಿ?

ಆಗ ಹಗ್ಗ ಹರಿಯಿತು. ಮುಚ್ಚಳ ಹಾರಿ ಸೀಟಿಗೆ ಬಡಿಯಿತು. ಬೆಳ್ಳಗಿನ ಹಿಟ್ಟು ಚಿಮ್ಮಿ ದಾರೋಗಾನ ಟೊಪ್ಪಿ, ಮೀಸೆ, ಮುರಾರಿಯ ಕೆನ್ನೆ ಎಲ್ಲವನ್ನೂ ಒಂದೇ ಮಾಡಿಬಿಟ್ಟಿತು. ಮುರಾರಿಯ ನಾಲಿಗೆ ತಾನಾಗಿ ತುಟಿಯ ಅಂಚು ಸವರಿತು. ಅವನು ನನ್ನ ಕಡೆ ತಿರುಗಿದ.

"ಮಾವಾ! ಉಪ್ಪೇ ಹಾಕ್ಲಿಲ್ವಲ್ಲ ನೀವು!"

ಕನ್ನಡ! ಅಪ್ಪಟ ಅಂಬುಜಾಳ ಕನ್ನಡ. ನಾನು ಕುಣಿಯಬೇಕಿತ್ತು. ಆದರೆ ಉಪ್ಪಿಲ್ಲ ಎಂದರೆ ಸಹಿಸುವುದು ಹೇಗೆ?

"ಎಂತದಾ? ಶೀನ ಭಟ್ಟನ ಹಿಟ್ಟಿಗೆ ಉಪ್ಪಿಲ್ವಾ?"

"ಇಲ್ಲ! ನೀವೇ ತಿಂದು ನೋಡಿ! ಅದಕ್ಕೇ ಇಷ್ಟು ಬೇಗ ಹುಳಿ ಬಂದದ್ದು!"

"ಬಾಯಿ ಮುಚ್ಚು! ಮೊನ್ನೆ ಹುಟ್ಟಿದವ ನನಗೆ ಹೇಳ್ತಾನೆ!"

"ಏನಂತೆ ಇವನದು?" ದಾರೋಗಾ ಮೀಸೆ ಒರೆಸುತ್ತ ಕೇಳಿದ.

ಅದನ್ನು ಹೇಳುವುದಕ್ಕಿಂತ ಜೈಲೇ ವಾಸಿ ಎನಿಸಿತು. ಆದರೂ ಇಡೀ ಡಬ್ಬಿಗೆ ಕೇಳುವ ಹಾಗೆ ಬಂಗಾಳಿಯಲ್ಲಿ ಹೇಳಿದೆ: "ನಾನು ಉಪ್ಪು ಹಾಕಲು ಮರೆತೆನಂತೆ."

ದಾರೋಗಾ ತನ್ನ ಮೀಸೆಯ ಹಿಟ್ಟನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟ. "ಹುಡುಗ ಸರಿಯಾಗಿ ಹೇಳಿದ," ಎಂದ. ಕಿಟಕಿಯಾಚೆಯಿಂದ ಆ ದಪ್ಪನೆಯ ಹೆಂಗಸು ಮೊದಲು ನಕ್ಕಳು, ಮತ್ತೆ ಎಲ್ಲರೂ. ದಾರೋಗಾ ಪೇದೆಗಳನ್ನು ಕರೆದುಕೊಂಡು ಕೆಳಗಿಳಿದ. ರೈಲು ಸೀಟಿ ಹಾಕಿತು.

ಬೆಳಕು ಹರಿಯುವಾಗ ಮಹಾನದಿಯ ಸೇತುವೆ. ಅಷ್ಟು ಅಗಲದ ನದಿಯನ್ನು ನಾನು ಕಣ್ಣೆತ್ತಿ ನೋಡಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಬೂಟಿನ ಸದ್ದು ಕೇಳಿದರೆ ಮುರಾರಿಯ ಕೈ ಹಿಡಿದುಕೊಳ್ಳುತ್ತಿದ್ದೆ. ಪುರಿಯಲ್ಲಿ ತ್ರಿವಿಕ್ರಮ ಅವನನ್ನು ಒಳಗೆ ಕರೆದುಕೊಂಡ ಮೇಲೆಯೇ ಸಮುದ್ರ ನನ್ನ ಕಿವಿಗೆ ಬಿದ್ದದ್ದು. ಕೋಣಾರ್ಕ, ಭುವನೇಶ್ವರ ಎಲ್ಲ ನೋಡಿಯೇ ಬರುತ್ತೇನೆಂದು ಹೊರಟವನು ಜಗನ್ನಾಥನಿಗೆ ದೂರದಿಂದ ಕೈ ಮುಗಿದು ಕಲ್ಕತ್ತೆಗೆ ಮರಳುವ ರೈಲು ಹಿಡಿದೆ. ಕೋಣಾರ್ಕವೇ ನನ್ನನ್ನು ನೋಡಲು ಬರಬೇಕಿತ್ತು.

ಹೌರಾದಲ್ಲಿ ಇಳಿದರೆ ಅದೇ ದಾರೋಗಾ. ಖಾಲಿ ಕ್ಯಾನನ್ನು ಲಾಠಿಯಿಂದ ತಟ್ಟಿದ. "ನಿನ್ನ ಹುಡುಗ ಎಲ್ಲಿ?"

"ಅವನನ್ನು ಕೆಲಸದಿಂದ ತೆಗೆದೆ ಸಾಹೇಬ್. ಉಪ್ಪಿನ ವಿಷಯಕ್ಕೆ ಬಾಯಿ ಮಾಡ್ತಾನೆ."

ಅವನು ನನ್ನ ಹತ್ತಿರಕ್ಕೆ ಬಾಗಿದ. "ಒಳ್ಳೆಯದಾಯಿತು," ಎಂದು ತಗ್ಗಿದ ದನಿಯಲ್ಲಿ ಹೇಳಿದ. "ಸದ್ಯಕ್ಕೆ ಪುನಃ ಕರೆಸಬೇಡ." ಆಮೇಲೆ ಬೇರೆ ಕಡೆ ತಿರುಗಿ ನಿಂತ. ಸೇತುವೆ ದಾಟುವವರೆಗೂ ನಾನು ಹಿಂದೆ ತಿರುಗಿ ನೋಡಲಿಲ್ಲ.

ಅಂಬುಜಾ ಹೋಟೆಲಿನ ಬಾಗಿಲಲ್ಲೇ ಕಾದಿದ್ದಳು.

"ಮುಟ್ಟಿದ," ಎಂದೆ. "ಕನ್ನಡದಲ್ಲಿ ಮಾತಾಡಿದ ಮಾರಾಯ್ತಿ!"

ಅವಳು ಹಾಗೇ ಮೆಟ್ಟಿಲ ಮೇಲೆ ಕೂತಳು. ಕಣ್ಣು ಒರೆಸಿಕೊಂಡು ಕೇಳಿದಳು, "ಎಂತ ಹೇಳಿದ ಅಣ್ಣ?"

"ಮಾವನ ಹಿಟ್ಟಿನಂಥ ಹಿಟ್ಟು ಮೂರು ಲೋಕದಲ್ಲಿಯೂ ಇಲ್ಲ ಅಂದ."

ಅವಳು ಎದ್ದು ಒಳಗೆ ಹೋದಳು. ಅರೆಯುವ ಕಲ್ಲಿನ ಹಿಂದಿನ ಕಿಟಕಿಯಿಂದ ಗೆರಟೆಯೊಂದನ್ನು ತಂದು ನನ್ನ ಮುಂದೆ ಹಿಡಿದಳು. ಅಳೆದಿಟ್ಟ ಉಪ್ಪು ನೀರೊಡೆದು ಗಟ್ಟಿಯಾಗಿ ಅಲ್ಲೇ ಕೂತಿತ್ತು.

"ಹಾಗಾದ್ರೆ ಇದು ಎಂತದು?" ಎಂದಳು.